ದುಂಡಗೆ ಹೆಣೆಯಲು ಆರು ಬೇಕು

ದಸರೆಯ ಸೂಟಿ ಶುರುವಾಯಿತೆಂದರೆ ಪಾಲಕರಿಂದ ಒಂದು ದೂರು ತಪ್ಪದೇ ಬರುತ್ತದೆ. “ಸರ, ನಮ್ಮ ಹುಡುಗಿ ಪುಸ್ತಕಾ ಮುಟ್ಟವಲ್ಲದು. ಮುಂಜಾನಿಂದ ಕ್ರೋಶಾ ಕಡ್ಡಿ ಹಿಡಕೊಂಡ ಕುಂತಿರತೈತಿ. ನೀವರ ಒಂದ್ ಮಾತ ಹೇಳ್ರಿ.” ಹೇಳಬೇಕಾದ ಮಾತು ನನ್ನಲ್ಲಿದೆ. ಅದನ್ನು ಪಾಲಕರಿಗೇ ಹೇಳುವುದು ಮೇಲು ಎನಿಸಿ ಈ ವಾರ ಬರೆಯುತ್ತಿದ್ದೇನೆ.

ಕ್ರೋಶಾ ನಮ್ಮ ಭಾಗಕ್ಕೆ ಹೊಸದಲ್ಲ. ರೋಣ, ನರಗುಂದ, ಗಜೇಂದ್ರಗಡದ ಕಡೆಯ ಹಳೆಯ ಮನೆಗಳಲ್ಲಿ ಬಾಗಿಲಿಗೆ ತೋರಣ, ರೇಡಿಯೋಕ್ಕೆ ಮುಸುಕು, ಕೂಸಿಗೆ ಟೊಪ್ಪಿಗೆ ಎಂದು ಈ ಕಡ್ಡಿಗೆ ಕೈತುಂಬ ಕೆಲಸವಿತ್ತು. ರೇಡಿಯೋ ಹೋಯಿತು, ಅದರ ಮುಸುಕೂ ಹೋಯಿತು. ಕಡ್ಡಿ ಮಾತ್ರ ಉಳಿದುಕೊಂಡು ಈಗ ಸೀರೆಯ ಸೆರಗಿಗೆ ಬಂದಿದೆ. ಮದುವೆ ಸೀರೆಗೆ ಕುಚ್ಚು ಹಾಕಿಸುವುದು ರೂಢಿಯಾದ ಮೇಲೆ ಎಷ್ಟೋ ತಾಯಂದಿರು ಮನೆಯಲ್ಲೇ ಕುಳಿತು ಕ್ರೋಶಾ ಕುಚ್ಚು ಹಾಕಿ ನಾಲ್ಕು ದುಡ್ಡು ಕಾಣುತ್ತಿದ್ದಾರೆ. ಮಗಳು ಪಕ್ಕದಲ್ಲಿ ಕುಳಿತು ನೋಡುತ್ತ ನೋಡುತ್ತ ಕಲಿಯುತ್ತಾಳೆ.

ಗಜೇಂದ್ರಗಡ ನೇಕಾರರ ಊರು. ಹಾಸು, ಹೊಕ್ಕು ಎಂದರೆ ಏನೆಂದು ಅಲ್ಲಿಯ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನು ಸೆರಗಿನ ಹಾಸಿಗೆ ಕುಣಿಕೆಯೊಳಗೆ ಕುಣಿಕೆ ಸೇರಿಸಿ ಜೋಡಿಸುತ್ತಾರೆ. ಅದಕ್ಕೆ ಕೊಂಡಿ ಎನ್ನುತ್ತಾರೆ. ಕ್ರೋಶಾ ಎಂಬ ಫ್ರೆಂಚ್ ಮಾತಿಗೂ ‘ಪುಟ್ಟ ಕೊಂಡಿ’ ಎಂದೇ ಅರ್ಥ! ಆದರೆ ಇಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಇರುವುದು ಒಂದು ದಾರ, ಒಂದು ಕೊಂಡಿಕಡ್ಡಿ. ಸ್ವೆಟರ್ ಹೆಣೆಯುವಾಗ ಇಡೀ ಸಾಲಿನ ಕುಣಿಕೆಗಳು ಕಡ್ಡಿಯ ಮೇಲೆ ಕಾಯುತ್ತಿರುತ್ತವೆ. ಒಂದು ಜಾರಿದರೆ ಏಣಿಯಂತೆ ಕೆಳಗಿನವರೆಗೂ ಬಿಚ್ಚುತ್ತದೆ. ಕ್ರೋಶಾದಲ್ಲಿ ಸಾಮಾನ್ಯವಾಗಿ ಜಾರಬಲ್ಲ ಕುಣಿಕೆ ಒಂದೇ. ಆದ್ದರಿಂದ ಹೊಸಬರಿಗೆ ಇದರಷ್ಟು ದಯಾಳು ವಿದ್ಯೆ ಇನ್ನೊಂದಿಲ್ಲ. ತಪ್ಪಿದರೆ ದಾರ ಜಗ್ಗಿ, ಎಲ್ಲಿ ತಪ್ಪಿತೋ ಅಲ್ಲಿಯವರೆಗೆ ಬಿಚ್ಚಿ ಮತ್ತೆ ಹೆಣೆಯಿರಿ. ದಾರ ಎಲ್ಲಿಗೂ ಹೋಗಿರುವುದಿಲ್ಲ.

ಕಲಿಯುವವರು ತಾಯಿಯ ಸಣ್ಣ ಉಕ್ಕಿನ ಕಡ್ಡಿ, ಎಳೆ ದಾರದಿಂದ ಶುರು ಮಾಡಬಾರದು. ಕುಣಿಕೆ ಕಣ್ಣಿಗೇ ಬೀಳದಿದ್ದರೆ ಕಲಿಯುವುದೇನನ್ನು? ತಿಳಿಬಣ್ಣದ ದಪ್ಪ ಉಲನ್ ದಾರ, 4 ಮಿಲಿಮೀಟರಿನ ಅಲ್ಯುಮಿನಿಯಂ ಕಡ್ಡಿ ಸಾಕು. ಜಾರುಗಂಟು ಹಾಕಿ ಕಡ್ಡಿಗೆ ತೊಡಿಸಿ, ದಾರ ಸುತ್ತಿ ಕುಣಿಕೆಯೊಳಗಿಂದ ಎಳೆದರೆ ಒಂದು ಚೈನು ಆಯಿತು. ಮೊದಲ ದಿನ ಚೈನನ್ನೇ ಹಾಕಿ, ಬಿಚ್ಚಿ, ಹಾಕಿ. ಎಲ್ಲ ಕುಣಿಕೆ ಒಂದೇ ಅಳತೆಗೆ ಬರುವತನಕ. ಆಮೇಲೆ ಸಿಂಗಲ್ ಹೊಲಿಗೆ: ಕೆಳಗಿನ ಕುಣಿಕೆಯೊಳಗೆ ಕಡ್ಡಿ ತೂರಿಸಿ ದಾರ ಎಳೆದುಕೊಂಡಾಗ ಕಡ್ಡಿಯ ಮೇಲೆ ಎರಡು ಕುಣಿಕೆ ಇರುತ್ತವೆ. ಮತ್ತೊಮ್ಮೆ ದಾರ ಸುತ್ತಿ ಎರಡರೊಳಗಿಂದಲೂ ಒಟ್ಟಿಗೆ ಎಳೆಯುವುದು. ಚೌಕ ಹೆಣೆಯಲು ಹೋಗಿ ತ್ರಿಕೋನ ಮಾಡಿ ತರುವ ಮಕ್ಕಳು ಬಹಳ. ಸಾಲಿನ ಕೊನೆಯ ಹೊಲಿಗೆ ಅವರ ಕಣ್ಣಿಗೆ ತಪ್ಪಿರುತ್ತದೆ. ಪ್ರತಿ ಸಾಲಿಗೂ ಎಣಿಸಿದರೆ ಈ ತೊಂದರೆಯಿಲ್ಲ.

ಚೌಕಕ್ಕಿಂತ ಸ್ವಾರಸ್ಯದ್ದು ದುಂಡನೆಯ ಹೆಣಿಗೆ. ಕಳೆದ ವರ್ಷ ಒಂಬತ್ತನೇ ತರಗತಿಯಲ್ಲಿ ವೃತ್ತದ ಪರಿಧಿಯ ಪಾಠ ನಡೆದಿತ್ತು. ಪೈ ಎಂದರೇನೆಂದು ಕೇಳಿದರೆ ಇಡೀ ವರ್ಗ “22/7” ಎಂದು ಒಂದೇ ರಾಗದಲ್ಲಿ ಕೂಗಿತು. ‘ಗಣಿತ ತಲೆಗೆ ಹತ್ತಂಗಿಲ್ಲ’ ಎಂದು ಮನೆಯವರಿಂದ ಮುದ್ರೆ ಒತ್ತಿಸಿಕೊಂಡ ಒಬ್ಬ ಹುಡುಗಿ ಮಾತ್ರ ಸುಮ್ಮನಿದ್ದಳು. ಆಕೆಯ ಚೀಲದಲ್ಲಿ ಕ್ರೋಶಾದ ಒಂದು ದುಂಡನೆಯ ಹಾಸು ಇತ್ತು. ಇದು ರೊಟ್ಟಿಯ ಹಾಗೆ ಚಪ್ಪಟೆಯಾಗಿ ಹೇಗೆ ಕುಳಿತಿತು ಎಂದು ಕೇಳಿದೆ. “ಸುತ್ತಿಗೆ ಆರ ಹೆಚ್ಚಸ್ಬೇಕ್ರಿ ಸರ. ಐದ್ ಹೆಚ್ಚಿಸಿದ್ರ ಬಟ್ಟಲಾ ಆಕ್ಕೈತ್ರಿ.” ಯಾರು ಹೇಳಿಕೊಟ್ಟರು? “ನಮ್ಮವ್ವ.” ಆ ತಾಯಿ ನಾಲ್ಕನೇ ತರಗತಿಗೆ ಶಾಲೆ ಬಿಟ್ಟವರು.

ಆರೇ ಏಕೆ? ಸಿಂಗಲ್ ಹೊಲಿಗೆಯ ಎತ್ತರವೂ ಅಗಲವೂ ಹೆಚ್ಚುಕಡಿಮೆ ಒಂದೇ. ಒಂದು ಸುತ್ತು ಹಾಕಿದಾಗ ತ್ರಿಜ್ಯ ಒಂದು ಹೊಲಿಗೆಯಷ್ಟು ಬೆಳೆಯುತ್ತದೆ. ಆಗ ಪರಿಧಿ ಬೆಳೆಯಬೇಕಾದದ್ದು ಪೈಯ ಎರಡರಷ್ಟು, ಅಂದರೆ 6.28. ಅರ್ಧ ಹೊಲಿಗೆ, ಕಾಲು ಹೊಲಿಗೆ ಹಾಕಲು ಬರುವುದಿಲ್ಲವಲ್ಲ, ಕೈ ತಾನಾಗಿ 6ಕ್ಕೆ ನಿಂತಿದೆ. 6, 12, 18, 24 ಎಂದು ನಡೆದರೆ ಹತ್ತನೆಯ ಸುತ್ತಿಗೆ 60. ಡಬಲ್ ಹೊಲಿಗೆ ಸುಮಾರು ಇಮ್ಮಡಿ ಎತ್ತರದ್ದು; ಅದಕ್ಕೆ ಸುತ್ತಿಗೆ 12 ಹೆಚ್ಚಿಸುತ್ತಾರೆ. ನಾವು ಕರಿಹಲಗೆಯ ಮೇಲೆ ಬರೆದು ಅಳಿಸುವ ಪೈ ಆ ತಾಯಿಯ ಬೆರಳಿನಲ್ಲಿ ವಾಸವಾಗಿದೆ!

ಹೆಚ್ಚಿಸುವುದನ್ನು ನಿಲ್ಲಿಸಿದರೆ ಅಂಚು ಮೇಲೆದ್ದು ಟೊಪ್ಪಿಗೆಯಾಗುತ್ತದೆ. ಮಿತಿ ಮೀರಿ ಹೆಚ್ಚಿಸಿದರೆ? ಪ್ರತಿ ಹೊಲಿಗೆಯಲ್ಲೂ ಎರಡೆರಡು ಹಾಕುತ್ತ ಹೋಗಿ: 6, 12, 24, 48, 96, ಆರನೆಯ ಸುತ್ತಿಗೆ 192. ಚಪ್ಪಟೆಯಾಗಿರಲು ಅಲ್ಲಿ ಬೇಕಾದದ್ದು 36. ಉಳಿದವು ಎಲ್ಲಿ ಹೋಗಬೇಕು? ಅಂಚೆಲ್ಲ ನಿರಿಗೆ ನಿರಿಗೆಯಾಗಿ ಹವಳದಂತೆ ಸುರುಳಿಗೊಳ್ಳುತ್ತದೆ. ಇದು ಕೆಟ್ಟ ಹೆಣಿಗೆಯಲ್ಲ. ಗಣಿತಜ್ಞರು 19ನೇ ಶತಮಾನದಲ್ಲಿ ಕಾಗದದ ಮೇಲೆ ಕಂಡುಕೊಂಡರೂ ಕೈಗೆ ಸಿಗದೆ ಪೇಚಾಡಿದ ‘ಹೈಪರ್ಬಾಲಿಕ್’ ತಲ ಇದೇ ಜಾತಿಯದು. ಅಲ್ಲಿ ತ್ರಿಕೋನದ ಮೂರು ಕೋನಗಳ ಮೊತ್ತ 180 ಡಿಗ್ರಿಗಿಂತ ಕಡಿಮೆ. 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಲಾಟ್ವಿಯಾ ಮೂಲದ ಡೈನಾ ಟೈಮಿನಾ ಎಂಬ ಗಣಿತಜ್ಞೆ ಇದನ್ನು ಕ್ರೋಶಾದಲ್ಲಿ ಹೆಣೆದು ವಿದ್ಯಾರ್ಥಿಗಳ ಕೈಗೆ ಕೊಟ್ಟರು. ಅದಕ್ಕೂ ಮುಂಚೆ ಇದ್ದ ಕಾಗದದ ಮಾದರಿಗಳು ಮುಟ್ಟಿದರೆ ಹರಿಯುತ್ತಿದ್ದವು.

ಇಷ್ಟೆಲ್ಲ ಲೆಕ್ಕವಿದ್ದರೂ ಹೆಂಗಸರ ಈ ಕೆಲಸಕ್ಕೆ ‘ಟೈಂಪಾಸ್’ ಎಂಬ ಹೆಸರೇ ಗಟ್ಟಿ. ಆಂಧ್ರದ ಗೋದಾವರಿ ಸೀಮೆಯ ನರಸಾಪುರದಲ್ಲಿ 19ನೇ ಶತಮಾನದಿಂದ ಹೆಂಗಸರು ಕ್ರೋಶಾ ಲೇಸು ಹೆಣೆಯುತ್ತ ಬಂದಿದ್ದಾರೆ. ಅದು ಪರದೇಶಕ್ಕೂ ಹೋಗುತ್ತದೆ. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1982ರ ತಮ್ಮ ಪುಸ್ತಕದಲ್ಲಿ ಅವರ ಬಾಳನ್ನು ದಾಖಲಿಸಿದರು. ದಿನಕ್ಕೆ 6ರಿಂದ 8 ಗಂಟೆ ಹೆಣೆದರೂ ಅವರನ್ನು ಕೆಲಸಗಾರರೆಂದು ಯಾರೂ ಎಣಿಸುತ್ತಿರಲಿಲ್ಲ. ಮನೆಯಲ್ಲಿ ಬಿಡುವಾಗಿದ್ದಾರೆ, ಹೆಣೆಯುತ್ತಾರೆ ಎನ್ನುತ್ತಿದ್ದರು. ಕೂಲಿಯೂ ಹಾಗೆಯೇ ಇತ್ತು. ನಮ್ಮ ಕುಚ್ಚಿನ ತಾಯಂದಿರನ್ನು ನೋಡಿದಾಗ ನನಗೆ ನರಸಾಪುರ ನೆನಪಾಗುತ್ತದೆ. ಸೆರಗಿನ ಉದ್ದಕ್ಕೆ ಇಷ್ಟು ಕುಚ್ಚು, ಕುಚ್ಚಿಗೆ ಇಷ್ಟು ಮಣಿ ಎಂದು ಅಳೆದು ಭಾಗಿಸಿ ಕೂಡ್ರಿಸುವವರ ಮಗಳಿಗೆ ಗಣಿತ ಬಾರದು ಎಂದು ಆ ಮನೆಯಲ್ಲೇ ಹೇಳುತ್ತಾರಲ್ಲ, ಇದಕ್ಕೇನೆನ್ನಬೇಕು? ಪಾಲಕರೇ, ಕಡ್ಡಿ ಕಸಿದುಕೊಳ್ಳಬೇಡಿ. ಅದರ ಪಕ್ಕದಲ್ಲಿ ಗಣಿತದ ಪುಸ್ತಕವನ್ನೂ ಬಿಚ್ಚಿಡಿರಿ. ಗಂಡುಮಕ್ಕಳ ಕೈಗೂ ಒಂದು ಕಡ್ಡಿ ಕೊಡಿ. ಮಗ್ಗದ ಮೇಲೆ ಗಂಡಸರು ಕೂಡುವ ಊರಲ್ಲಿ ಇದಕ್ಕೆ ನಾಚಿಕೆಯೇಕೆ?

ವಿದ್ಯಾರ್ಥಿ ಮಿತ್ರರೇ, ಸೂಟಿ ಮುಗಿಯುವಷ್ಟರಲ್ಲಿ ಎಂಟು ಸುತ್ತಿನ ಎರಡು ಹಾಸು ಹೆಣೆಯಿರಿ. ಒಂದರಲ್ಲಿ ಪ್ರತಿ ಸುತ್ತಿಗೂ ಅದದೇ ಆರು ಜಾಗದಲ್ಲಿ ಹೆಚ್ಚಿಸಿ. ಅದು ನಿಧಾನಕ್ಕೆ ಆರು ಮೂಲೆ ಬಿಡುತ್ತದೆ. ಇನ್ನೊಂದರಲ್ಲಿ ಹೆಚ್ಚಿಸುವ ಜಾಗವನ್ನು ಸುತ್ತಿನಿಂದ ಸುತ್ತಿಗೆ ಸರಿಸಿರಿ. ಅಂಚಿನ ಸುತ್ತ ದಾರ ಇಟ್ಟು ಅಳೆದು, ಅದನ್ನು ಅಡ್ಡಳತೆಯಿಂದ ಭಾಗಿಸಿ. ಮೊದಲನೆಯದನ್ನು ಮೂಲೆಯಿಂದ ಎದುರಿನ ಮೂಲೆಗೆ ಅಳೆಯಿರಿ, ಉತ್ತರ 3ರ ಹತ್ತಿರ ಬಂದೀತು. ಎರಡನೆಯದು 3.14ರ ಕಡೆಗೆ ಸರಿಯುತ್ತದೆ. ಏಕೆ ಎಂಬುದನ್ನು ಚಿತ್ರ ಬರೆದು ನಿಮ್ಮ ಗಣಿತದ ಗುರುಗಳಿಗೆ ತೋರಿಸಿ.