ಹಳೆಯ ಸರಕು, ಪರಿಣತ ಗ್ರಾಹಕ

ಒಂದು ಉತ್ಪನ್ನವು ಮಾರುಕಟ್ಟೆಗೆ ಬಂದು ಹದಿನೈದು ಇಪ್ಪತ್ತು ವರ್ಷಗಳಾದ ಮೇಲೆ ಅದರ ಮಾರಾಟ ಕುಗ್ಗತೊಡಗುವುದು ವ್ಯಾಪಾರದಲ್ಲಿ ಹೊಸ ಸಂಗತಿಯೇನಲ್ಲ. ಅಂತಹ ಸಂದರ್ಭದಲ್ಲಿ ಉದ್ದಿಮೆದಾರನಿಗೆ ಸಾಮಾನ್ಯವಾಗಿ ಎರಡು ಸಲಹೆಗಳು ದೊರೆಯುತ್ತವೆ. ಸರಕನ್ನು ಇನ್ನಷ್ಟು ಸರಳಗೊಳಿಸಿ, ಬೆಲೆ ಇಳಿಸಿ, ಎಲ್ಲರಿಗೂ ಮಾರಬೇಕೆಂಬುದು ಒಂದು. ಅದನ್ನು ನಿಲ್ಲಿಸಿ ಹೊಸದನ್ನು ಕೈಗೆತ್ತಿಕೊಳ್ಳಬೇಕೆಂಬುದು ಇನ್ನೊಂದು. ಮೂರನೆಯ ಮಾರ್ಗವೂ ಉಂಟು. ಆ ಸರಕನ್ನು ದಿನನಿತ್ಯ ಬಳಸುವ, ಅದರ ಒಳಹೊರಗನ್ನು ಬಲ್ಲ ಕೆಲವೇ ಗ್ರಾಹಕರ ಕಡೆಗೆ ಉತ್ಪನ್ನವನ್ನು ಉದ್ದೇಶಪೂರ್ವಕವಾಗಿ ತಿರುಗಿಸುವುದೇ ಆ ಮಾರ್ಗ. ಮಾರುಕಟ್ಟೆಯನ್ನು ಕಿರಿದು ಮಾಡಿಕೊಳ್ಳುವುದೆಂದರೆ ಸೋಲನ್ನು ಒಪ್ಪಿಕೊಂಡಂತೆ ಎಂಬ ಭಾವನೆ ನಮ್ಮಲ್ಲಿ ಬಲವಾಗಿರುವುದರಿಂದ ಈ ಮಾರ್ಗದ ಲೆಕ್ಕವನ್ನು ಯಾರೂ ಸರಿಯಾಗಿ ಹಾಕಿ ನೋಡುವುದಿಲ್ಲ. ಲೆಕ್ಕ ಹಾಕಿ ನೋಡತಕ್ಕದ್ದು ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ನಿದರ್ಶನವಾಗಿ ಅಮೆರಿಕದ ಒಂದು ಮಧ್ಯಮ ಗಾತ್ರದ ತಂತ್ರಾಂಶ ಸಂಸ್ಥೆಯ ವೃತ್ತಾಂತವನ್ನು ಇಲ್ಲಿ ಪರಿಶೀಲಿಸಬಯಸುತ್ತೇನೆ.

ಸಂಸ್ಥೆಯ ಹೆಸರು ಸ್ಟಾರ್‌ಡಾಕ್. ಮಿಷಿಗನ್ ರಾಜ್ಯದ ಪ್ಲಿಮತ್ ಎಂಬಲ್ಲಿ ಅದರ ಕಚೇರಿ. ಬ್ರಾಡ್ ವಾರ್ಡೆಲ್ ಎಂಬವರು 1991ರಲ್ಲಿ, ತಾವಿನ್ನೂ ವಿದ್ಯಾರ್ಥಿಯಾಗಿದ್ದಾಗ, ಇದನ್ನು ಆರಂಭಿಸಿದರು. ಗಣಕ ಆಟಗಳ ಜೊತೆಗೆ ಇವರ ಇನ್ನೊಂದು ಮುಖ್ಯ ವ್ಯವಹಾರವೆಂದರೆ 1995ರಲ್ಲಿ ಹೊರತಂದ ‘ಆಬ್ಜೆಕ್ಟ್ ಡೆಸ್ಕ್‌ಟಾಪ್’ ಎಂಬ ತಂತ್ರಾಂಶಗಳ ಗುಚ್ಛ. ಗಣಕಯಂತ್ರವನ್ನು ಚಾಲೂ ಮಾಡಿದೊಡನೆ ನಮ್ಮೆದುರು ಕಾಣುವ ಪರದೆ, ಅದರ ಮೇಲಿನ ಚಿಹ್ನೆಗಳು, ಕಿಟಕಿಗಳ ಅಂಚು, ಕೆಳಗಿನ ಪಟ್ಟಿ ಇವುಗಳನ್ನು ಬಳಕೆದಾರನು ತನಗೆ ಬೇಕಾದಂತೆ ಮಾರ್ಪಡಿಸಿಕೊಳ್ಳಲು ಇದು ನೆರವಾಗುತ್ತದೆ. ಇದಿಲ್ಲದಿದ್ದರೆ ಯಾರ ಕೆಲಸವೂ ನಿಲ್ಲುವುದಿಲ್ಲ. ಇಂತಹ ಸರಕೊಂದು ಮೂರು ದಶಕಗಳನ್ನು ದಾಟಿ ಮಾರಾಟವಾಗುತ್ತಿದೆಯೆಂಬುದೇ ವರ್ತಕರು ಗಮನಿಸಬೇಕಾದ ಅಂಶ.

ಅದು ಮೊದಲು ಹುಟ್ಟಿದ್ದು ವಿಂಡೋಸ್‌ಗಾಗಿ ಅಲ್ಲ, ಐಬಿಎಂ ಸಂಸ್ಥೆಯ ಓಎಸ್/2 ಎಂಬ ಆಪರೇಟಿಂಗ್ ಸಿಸ್ಟಂಗಾಗಿ. ಓಎಸ್/2 ಬಳಸುತ್ತಿದ್ದವರು ಸ್ವಭಾವತಃ ಪರಿಣತರು. ತಮ್ಮ ಯಂತ್ರದ ಪ್ರತಿಯೊಂದು ಸಂದುಗೊಂದನ್ನೂ ಕೆದಕಿ ನೋಡುವವರು. ಆದರೆ ಅದೇ 1995ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ 95ನ್ನು ಬಿಡುಗಡೆ ಮಾಡಿತು, ಓಎಸ್/2 ಕ್ಷೀಣಿಸುತ್ತ ಹೋಯಿತು, ಕೊನೆಗೆ 2006ರ ಅಂತ್ಯಕ್ಕೆ ಐಬಿಎಂ ಅದರ ಬೆಂಬಲವನ್ನೂ ನಿಲ್ಲಿಸಿತು. ಬೇರೊಬ್ಬರ ಜಗಲಿಯ ಮೇಲೆ ಅಂಗಡಿ ಇಟ್ಟವನ ಪಾಡೇ ಹೀಗೆ. ಮನೆ ಯಜಮಾನ ಮನೆ ಕೆಡವಿದರೆ ಅಂಗಡಿಯೂ ಹೋಗುತ್ತದೆ. ಒಂದೇ ದೊಡ್ಡ ಕಾರ್ಖಾನೆಗೆ ಬಿಡಿಭಾಗ ಒದಗಿಸಿಕೊಂಡಿರುವ ನಮ್ಮ ಸಣ್ಣ ಘಟಕಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಸ್ಟಾರ್‌ಡಾಕ್ 1990ರ ದಶಕದ ಕೊನೆಯಲ್ಲಿ ತನ್ನ ಗುಚ್ಛವನ್ನು ವಿಂಡೋಸ್‌ಗೆ ಹೊಂದಿಸಿ ಜಗಲಿಯನ್ನು ಬದಲಾಯಿಸಿತು.

ಅಲ್ಲಿಂದ ಮುಂದಿನ ಹತ್ತು ವರ್ಷಗಳನ್ನು ಅಲಂಕಾರದ ಕಾಲವೆನ್ನಬಹುದು. ಕಿಟಕಿಗಳಿಗೆ ಹೊಸ ರೂಪ ಕೊಡುವ ‘ವಿಂಡೋಬ್ಲೈಂಡ್ಸ್’, ಚಿಹ್ನೆಗಳನ್ನು ಒಟ್ಟಾಗಿ ಬದಲಿಸುವ ‘ಐಕಾನ್‌ಪ್ಯಾಕೇಜರ್’ ಮುಂತಾದವು ಜನಪ್ರಿಯವಾದವು. ಬಳಕೆದಾರರೇ ಸಾವಿರಾರು ವಿನ್ಯಾಸಗಳನ್ನು ರಚಿಸಿ ಪರಸ್ಪರ ಹಂಚಿಕೊಂಡರು. ಪರದೆಯ ಬಣ್ಣ ಬದಲಿಸುವ ಹವ್ಯಾಸವು ತರುಣರಲ್ಲಿ ಹಬ್ಬಿದ ಕಾಲವದು. ಗ್ರಾಹಕರ ಸಂಖ್ಯೆಯೂ ಸಹಜವಾಗಿ ಹಿಗ್ಗಿತು. ಆದರೆ ಹಿಗ್ಗಿದ್ದು ಹವ್ಯಾಸಿಗಳ ಸಂಖ್ಯೆ. 2001ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಪರದೆಯ ರೂಪ ಬದಲಿಸುವ ಸೌಲಭ್ಯವನ್ನು ಮೈಕ್ರೋಸಾಫ್ಟ್ ತಾನೇ ಸ್ವಲ್ಪಮಟ್ಟಿಗೆ ಒದಗಿಸಿತು. ಮುಂದೆ 2007ರಿಂದೀಚೆಗೆ ಸ್ಮಾರ್ಟ್‌ಫೋನ್‌ಗಳು ಹರಡಿದಂತೆ ಶೃಂಗಾರದ ಆಸಕ್ತಿ ಅಂಗೈಯಲ್ಲಿನ ಪರದೆಗೆ ಸ್ಥಳಾಂತರಗೊಂಡಿತು. ಮೇಜಿನ ಮೇಲಿನ ಗಣಕಯಂತ್ರದಲ್ಲಿ ಉಳಿದುಕೊಂಡವರು ಅದರಲ್ಲಿ ಎಂಟು ಹತ್ತು ಗಂಟೆ ದುಡಿಯುವವರು ಮಾತ್ರ.

ಸಂಸ್ಥೆಯ ಉತ್ಪನ್ನಗಳನ್ನು ವರ್ಷಾನುಕ್ರಮದಲ್ಲಿಟ್ಟು ನೋಡಿದರೆ ನಂತರದ ತಿರುವು ಸ್ಪಷ್ಟವಾಗಿ ಕಾಣುತ್ತದೆ. ಪರದೆಯ ಮೇಲೆ ಚೆಲ್ಲಾಪಿಲ್ಲಿಯಾಗಿ ಬಿದ್ದ ಕಡತಗಳನ್ನು ಬೇಲಿ ಹಾಕಿ ವಿಂಗಡಿಸುವ ‘ಫೆನ್ಸಸ್’, ಒಂದೇ ಕೀಲಿಮಣೆಯಿಂದ ಹಲವು ಗಣಕಯಂತ್ರಗಳನ್ನು ನಡೆಸುವ ‘ಮಲ್ಟಿಪ್ಲಿಸಿಟಿ’, ಬೇರೆಬೇರೆ ತಂತ್ರಾಂಶಗಳ ಕಿಟಕಿಗಳನ್ನು ಒಂದೇ ಕಿಟಕಿಯಲ್ಲಿ ಪುಟಗಳಂತೆ ಜೋಡಿಸುವ ‘ಗ್ರೂಪಿ’, ಸ್ಟಾರ್ಟ್ ಮೆನುವನ್ನು ಮತ್ತು ಕೆಳಪಟ್ಟಿಯನ್ನು ಬೇಕಾದಂತೆ ಇರಿಸಿಕೊಳ್ಳುವ ‘ಸ್ಟಾರ್ಟ್11’ ಇವು ಮುಂದಿನ ಸಾಲಿಗೆ ಬಂದವು. ಅಲಂಕಾರದ ಉಪಕರಣಗಳು ಗುಚ್ಛದಲ್ಲಿ ಉಳಿದಿವೆಯಾದರೂ ಭಾರವೆಲ್ಲ ಕೆಲಸದ ಉಪಕರಣಗಳ ಮೇಲೆ ಬಿದ್ದಿದೆ. ಅಂದರೆ, ಆರಂಭದಲ್ಲಿದ್ದ ಪರಿಣತ ಗ್ರಾಹಕನ ಬಳಿಗೇ ಸಂಸ್ಥೆ ಹಿಂದಿರುಗಿದೆ.

ಪರಿಣತ ಬಳಕೆದಾರನೆಂದರೆ ಯಾರು? ನಮ್ಮ ಓದುಗರು ದೂರ ಹೋಗಬೇಕಾಗಿಲ್ಲ. ಬೆಂಗಳೂರಿನಲ್ಲೇ ರೂಪುಗೊಂಡ ಟ್ಯಾಲಿ ತಂತ್ರಾಂಶದಲ್ಲಿ ನಿಮ್ಮ ಅಂಗಡಿಯ ಲೆಕ್ಕಿಗರು ಹೇಗೆ ಕೆಲಸ ಮಾಡುತ್ತಾರೆಂಬುದನ್ನು ಗಮನಿಸಿ. ಪಾವತಿಗೆ ಎಫ್5, ಸ್ವೀಕೃತಿಗೆ ಎಫ್6, ಮಾರಾಟಕ್ಕೆ ಎಫ್8, ಖರೀದಿಗೆ ಎಫ್9. ಬೆರಳು ತಾನಾಗಿಯೇ ಹೋಗುತ್ತದೆ, ಕಣ್ಣು ರಸೀದಿಯ ಮೇಲಿರುತ್ತದೆ, ಮೌಸ್ ಧೂಳು ಹಿಡಿದಿರುತ್ತದೆ. ಇಂತಹವರಿಗೆ ಒಂದು ಕೀಲಿಯ ಸ್ಥಾನ ಬದಲಾದರೂ ದಿನದ ಕೆಲಸ ಹಿಂದೆ ಬೀಳುತ್ತದೆ. ಒಂದು ಉತ್ತಮ ಸೌಲಭ್ಯ ದೊರೆತರೆ ದಿನಕ್ಕೆ ಅರ್ಧ ಗಂಟೆ ಉಳಿಯುತ್ತದೆ. ಆ ಅರ್ಧ ಗಂಟೆಯ ಬೆಲೆಯನ್ನು ಬಲ್ಲವನು ಸರಕಿನ ಬೆಲೆಗೆ ಚೌಕಾಸಿ ಮಾಡುವುದು ಕಡಿಮೆ.

ಈಗ ಲೆಕ್ಕಕ್ಕೆ ಬರೋಣ. ಕೆಳಗಿನ ಅಂಕಿಗಳು ಕೇವಲ ಉದಾಹರಣೆಗಾಗಿ. ಒಬ್ಬ ಉತ್ಪಾದಕ ತನ್ನ ಸರಕನ್ನು 500 ರೂಪಾಯಿಯಂತೆ 1,000 ಸಾಮಾನ್ಯ ಗ್ರಾಹಕರಿಗೆ ಮಾರುತ್ತಾನೆಂದು ಭಾವಿಸೋಣ. ವಸೂಲು 5,00,000 ರೂಪಾಯಿ. ಪ್ರತಿಯೊಬ್ಬನೂ ವರ್ಷಕ್ಕೆ ಎರಡು ಬಾರಿ ದೂರವಾಣಿ ಮಾಡಿ ಸಹಾಯ ಕೇಳಿದರೆ, ಕರೆಯೊಂದಕ್ಕೆ 150 ರೂಪಾಯಿ ವೆಚ್ಚದಂತೆ 3,00,000 ಖರ್ಚಾಗಿ 2,00,000 ಉಳಿಯುತ್ತದೆ. ಇನ್ನೊಬ್ಬನು ಅದೇ ಸರಕನ್ನು ಪರಿಷ್ಕರಿಸಿ 2,000 ರೂಪಾಯಿಯಂತೆ ಕೇವಲ 150 ಪರಿಣತರಿಗೆ ಮಾರುತ್ತಾನೆ. ವಸೂಲು 3,00,000. ಪರಿಣತರು ಹೆಚ್ಚು ಪ್ರಶ್ನೆ ಕೇಳುವವರು, ಕಠಿಣ ಪ್ರಶ್ನೆಗಳನ್ನೇ ಕೇಳುವವರು. ನಾಲ್ಕು ಕರೆ, ಕರೆಗೆ 200 ರೂಪಾಯಿ ಎಂದಿಟ್ಟುಕೊಂಡರೆ ಖರ್ಚು 1,20,000, ಉಳಿಕೆ 1,80,000. ಮೊದಲ ವರ್ಷದ ಲಾಭ ನಷ್ಟದ ತಃಖ್ತೆಯಲ್ಲಿ ಎರಡನೆಯವನೇ ಹಿಂದೆ ಬಿದ್ದಿದ್ದಾನೆ. ಬಹುತೇಕ ಉದ್ದಿಮೆದಾರರು ಇಷ್ಟಕ್ಕೇ ಪುಸ್ತಕ ಮುಚ್ಚಿ ಈ ಮಾರ್ಗವನ್ನು ಕೈಬಿಡುತ್ತಾರೆ.

ಎರಡನೆಯ ವರ್ಷದ ಪುಟವನ್ನು ತೆರೆಯಬೇಕು. ಮೊದಲನೆಯವನು ಅಷ್ಟೇ ಆದಾಯಕ್ಕೆ ಮತ್ತೆ 1,000 ಹೊಸ ಮುಖಗಳನ್ನು ಹುಡುಕಬೇಕು. ಜಾಹೀರಾತಿನ ವೆಚ್ಚವನ್ನು ನಾನಿನ್ನೂ ಸೇರಿಸಿಯೇ ಇಲ್ಲ. ಎರಡನೆಯವನ 150 ಗ್ರಾಹಕರಲ್ಲಿ 120 ಮಂದಿ ನವೀಕರಿಸಿದರೆ ಅಂಗಡಿಯ ಬಾಗಿಲು ತೆರೆಯುವ ಮೊದಲೇ 2,40,000 ರೂಪಾಯಿಯ ವ್ಯಾಪಾರ ನಿಶ್ಚಿತವಾಗಿರುತ್ತದೆ. ಆಬ್ಜೆಕ್ಟ್ ಡೆಸ್ಕ್‌ಟಾಪ್ ನಡೆದುಬಂದಿರುವುದು ಈ ತತ್ತ್ವದ ಮೇಲೆಯೇ. ಒಂದು ವರ್ಷದ ಶುಲ್ಕ ತೆತ್ತರೆ, 2000ರ ದಶಕದಲ್ಲಿ ಅದು 49.95 ಡಾಲರ್ ಇತ್ತು, ಆ ಅವಧಿಯಲ್ಲಿ ಗುಚ್ಛದಲ್ಲಿ ಬರುವ ಎಲ್ಲ ಪರಿಷ್ಕರಣೆಗಳೂ ಲಭ್ಯ. ಆಗ ಅವಧಿ ಮುಗಿದ ಮೇಲೆ ಪಡೆದದ್ದನ್ನು ಬಳಸುತ್ತಿರಬಹುದಿತ್ತು, ಹೊಸದು ಬೇಕಾದರೆ ನವೀಕರಿಸಬೇಕಿತ್ತು. ಶುಲ್ಕ ನಿಂತ ದಿನವೇ ತಂತ್ರಾಂಶಕ್ಕೆ ಬೀಗ ಹಾಕುವ ಇಂದಿನ ಹಲವು ಕಂಪನಿಗಳ ಪದ್ಧತಿಗಿಂತ ಅದು ಎಷ್ಟೋ ಸಭ್ಯವಾಗಿತ್ತು, ಮತ್ತು ಸಭ್ಯತೆಗೆ ನವೀಕರಣದಲ್ಲಿ ಬೆಲೆ ಸಿಗುತ್ತದೆಂದೇ ನಾನು ತಿಳಿಯುತ್ತೇನೆ.

ಇಲ್ಲಿ ವೃತ್ತಿಸಹಜವಾದ ಒಂದು ಎಚ್ಚರಿಕೆ. ಮಾರ್ಚ್ ಒಂದನೆಯ ತಾರೀಖಿನಂದು ಒಂದು ವರ್ಷದ ಸೇವಾ ಶುಲ್ಕ ಪಡೆದರೆ ಆ ಆರ್ಥಿಕ ವರ್ಷಕ್ಕೆ ಸೇರುವ ಆದಾಯ ಹನ್ನೆರಡರಲ್ಲಿ ಒಂದು ಪಾಲು ಮಾತ್ರ. ಉಳಿದ ಹನ್ನೊಂದು ಪಾಲು ನೀವು ಗ್ರಾಹಕನಿಗೆ ತೀರಿಸಬೇಕಾದ ಹೊಣೆ. ಅದು ಆಸ್ತಿ ಹೊಣೆ ಪಟ್ಟಿಯಲ್ಲಿ ಹೊಣೆಯ ಕಡೆಗೇ ಕುಳಿತುಕೊಳ್ಳುತ್ತದೆ. ಬ್ಯಾಂಕಿನಲ್ಲಿ ಹಣ ಕಂಡಿತೆಂದು ಹೊಸ ಯಂತ್ರಕ್ಕೆ ಮುಂಗಡ ಕೊಟ್ಟವರು ಮುಂದಿನ ಹನ್ನೊಂದು ತಿಂಗಳ ಸೇವೆಯನ್ನು ಬರಿಗೈಯಲ್ಲಿ ಒದಗಿಸಬೇಕಾಗುತ್ತದೆ. ಜಿಎಸ್‌ಟಿಯ ಮಟ್ಟಿಗೆ ವಿಷಯ ಬೇರೆ. ಸರಕಿನ ಮುಂಗಡದ ಮೇಲಿನ ತೆರಿಗೆಯನ್ನು 2017ರ ನವೆಂಬರ್‌ನಲ್ಲಿ ಕೈಬಿಡಲಾಗಿದ್ದರೂ ಸೇವೆಯ ಮುಂಗಡಕ್ಕೆ ಹಣ ಕೈಸೇರಿದಾಗಲೇ ತೆರಿಗೆಯ ಹೊಣೆ ಉಂಟಾಗುತ್ತದೆ. ವಾರ್ಷಿಕ ನಿರ್ವಹಣಾ ಒಪ್ಪಂದಗಳಿಗೆ ಕೈಹಾಕುವ ಉತ್ಪಾದಕರು ಈ ಎರಡು ಕ್ಯಾಲೆಂಡರುಗಳನ್ನೂ ಮನಸ್ಸಿನಲ್ಲಿಟ್ಟುಕೊಂಡಿರಬೇಕು.

ಪರಿಣತರನ್ನೇ ನೆಚ್ಚಿಕೊಳ್ಳುವುದರಲ್ಲಿ ಅಪಾಯವಿಲ್ಲವೇ? ಇದೆ, ಸಣ್ಣದೂ ಅಲ್ಲ. ಅವರ ಬೇಡಿಕೆಗಳನ್ನೆಲ್ಲ ಈಡೇರಿಸುತ್ತ ಹೋದರೆ ಹತ್ತು ವರ್ಷಗಳಲ್ಲಿ ಸರಕು ಹೊಸಬರು ಮುಟ್ಟಲಾಗದಷ್ಟು ಜಟಿಲವಾಗುತ್ತದೆ. ಪರಿಣತರಿಗೂ ವಯಸ್ಸಾಗುತ್ತದೆ, ಅವರ ಜಾಗಕ್ಕೆ ಯಾರೂ ಬರುವುದಿಲ್ಲ. ಸ್ಟಾರ್‌ಡಾಕ್ ಇದಕ್ಕೆ ಕಂಡುಕೊಂಡ ಉಪಾಯವೇ ಈ ವೃತ್ತಾಂತದಲ್ಲಿ ನಮ್ಮವರು ಅನುಕರಿಸಬಹುದಾದ ಭಾಗ. 2012ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ವಿಂಡೋಸ್ 8ರಲ್ಲಿ ಮೈಕ್ರೋಸಾಫ್ಟ್ ಚಿರಪರಿಚಿತವಾದ ಸ್ಟಾರ್ಟ್ ಗುಂಡಿಯನ್ನೇ ತೆಗೆದುಹಾಕಿತು. ಜಗತ್ತಿನಾದ್ಯಂತ ಸಾಮಾನ್ಯ ಬಳಕೆದಾರರು ಕಂಗಾಲಾದರು. ಆಗ ಈ ಸಂಸ್ಥೆ ಆ ಗುಂಡಿಯನ್ನು ಮರಳಿ ತರುವ ‘ಸ್ಟಾರ್ಟ್8’ ಎಂಬ ಸಣ್ಣ ತಂತ್ರಾಂಶವನ್ನು ಕೇವಲ 4.99 ಡಾಲರ್‌ಗೆ ಮಾರಿತು. ಗುಚ್ಛದ ಗೊಡವೆಯೇ ಬೇಡದವನೂ ಇದನ್ನು ಕೊಂಡನು. 2021ರ ಅಕ್ಟೋಬರ್‌ನಲ್ಲಿ ವಿಂಡೋಸ್ 11 ಬಂದು ಕೆಳಪಟ್ಟಿಯನ್ನು ಪರದೆಯ ಬೇರೆ ಅಂಚುಗಳಿಗೆ ಸರಿಸುವ ಸೌಲಭ್ಯವಿಲ್ಲದಂತಾದಾಗ ಸ್ಟಾರ್ಟ್11 ಸಿದ್ಧವಾಗಿತ್ತು. ಇಡೀ ಗುಚ್ಛವು ಪರಿಣತರಿಗೆ. ಅದರ ಒಂದು ಬಿಡಿ ಹೂವು ದಾರಿಹೋಕರಿಗೆ. ದಾರಿಹೋಕರಲ್ಲಿ ಕೆಲವರಾದರೂ ಒಳಗೆ ಬಂದು ಪರಿಣತರಾಗುತ್ತಾರೆ. ಫೆನ್ಸಸ್, ಸ್ಟಾರ್ಟ್11 ಮುಂತಾದವನ್ನು ಕಚೇರಿಗಳಿಗೆ ಸಗಟಾಗಿ ಪರವಾನಗಿ ಕೊಡುವ ವ್ಯವಸ್ಥೆಯೂ ಇರುವುದರಿಂದ ವ್ಯವಹಾರ ವ್ಯಕ್ತಿಗಳನ್ನೇ ನೆಚ್ಚಿ ನಿಂತಿಲ್ಲ.

ಜಗಲಿಯ ಯಜಮಾನನ ಭಯ ಮಾತ್ರ ತೀರಿದ್ದಲ್ಲ. ಗ್ರೂಪಿ ರೂಪುಗೊಳ್ಳುತ್ತಿದ್ದ 2017ರಲ್ಲೇ ಮೈಕ್ರೋಸಾಫ್ಟ್ ‘ಸೆಟ್ಸ್’ ಎಂಬ ಹೆಸರಿನಲ್ಲಿ ಅದೇ ಸೌಲಭ್ಯವನ್ನು ವಿಂಡೋಸ್ 10ರಲ್ಲಿ ತರುವುದಾಗಿ ಪ್ರಕಟಿಸಿತು. 2019ರ ಹೊತ್ತಿಗೆ ಅದನ್ನು ಕೈಬಿಟ್ಟಿತು. ಗ್ರೂಪಿ ಉಳಿಯಿತು. ದೈತ್ಯ ಕಂಪನಿಗೆ ಕೋಟ್ಯಂತರ ಬಳಕೆದಾರರ ಪೈಕಿ ಕೆಲವರಿಗಷ್ಟೇ ಬೇಕಾದ ಸೌಲಭ್ಯವನ್ನು ನಿಭಾಯಿಸುವುದು ದುಬಾರಿ. ಸಣ್ಣ ಸಂಸ್ಥೆಗೆ ಆ ಕೆಲವರೇ ಸಾಕು. ಅಲಂಕಾರದ ಕಾಲದಲ್ಲಿ ಸ್ಟಾರ್‌ಡಾಕ್‌ಗೆ ಈ ರಕ್ಷಣೆ ಇರಲಿಲ್ಲ, ಏಕೆಂದರೆ ಬಣ್ಣ ಎಲ್ಲರಿಗೂ ಬೇಕಾದದ್ದು, ಆದ್ದರಿಂದ ಮೈಕ್ರೋಸಾಫ್ಟ್‌ಗೂ ಬೇಕಾಯಿತು. ಕಿರಿದಾದ ಮಾರುಕಟ್ಟೆಯೇ ಕೋಟೆಯಾಗುವುದು ಹೀಗೆ.

ಈ ಸಂಸ್ಥೆಯ ನಡೆಯಲ್ಲಿ ನನಗೆ ಒಪ್ಪಿಗೆಯಾಗದ ಅಂಶವೂ ಇದೆ. ಗುಚ್ಛದಲ್ಲಿದ್ದ ‘ಡೆಸ್ಕ್‌ಟಾಪ್‌ಎಕ್ಸ್’ನಂತಹ ಉಪಕರಣಗಳು ಕಾಲಕ್ರಮದಲ್ಲಿ ನಿಂತುಹೋದವು. ನಿಲ್ಲಿಸಿದ್ದು ತಪ್ಪಲ್ಲ. ಆದರೆ ಪರಿಣತ ಗ್ರಾಹಕನು ಸರಕಿಗೆ ಹಣವನ್ನಷ್ಟೇ ಅಲ್ಲ, ನೂರಾರು ಗಂಟೆಗಳ ಶ್ರಮವನ್ನೂ ತೊಡಗಿಸಿರುತ್ತಾನೆ. ಅದು ಯಾವ ಲೆಡ್ಜರಿನಲ್ಲೂ ಕಾಣುವುದಿಲ್ಲ. ಹಳೆಯ ಮಾದರಿಯೊಂದನ್ನು ನಿಲ್ಲಿಸುವ ಉತ್ಪಾದಕನು, ಅದು ಪಂಪ್ ಆಗಿರಲಿ, ಮಗ್ಗದ ಬಿಡಿಭಾಗವಾಗಿರಲಿ, ಎರಡು ವರ್ಷ ಮುಂಚಿತವಾಗಿ ತಿಳಿಸಿ, ಬಿಡಿಭಾಗಗಳ ದಾಸ್ತಾನನ್ನು ಅಷ್ಟು ಕಾಲ ಇರಿಸಿಕೊಳ್ಳುವುದು ಅಗತ್ಯ. ಆ ದಾಸ್ತಾನನ್ನು ಮೂಲ ಬೆಲೆ ಅಥವಾ ಈಗ ಕೈಗೆ ಬರಬಹುದಾದ ಬೆಲೆ, ಇವೆರಡರಲ್ಲಿ ಕಡಿಮೆಯಾದುದಕ್ಕೆ ಲೆಕ್ಕದಲ್ಲಿ ತೋರಿಸಬೇಕಾದೀತು. ಆ ನಷ್ಟವನ್ನು ಗ್ರಾಹಕನನ್ನು ಉಳಿಸಿಕೊಳ್ಳುವ ವೆಚ್ಚವೆಂದೇ ಭಾವಿಸತಕ್ಕದ್ದು.

ಹಳೆಯ ಸರಕೊಂದರ ಬಗ್ಗೆ ತೀರ್ಮಾನಿಸುವ ಮೊದಲು ಸದಸ್ಯರು ಹಿಂದಿನ ಮೂರು ವರ್ಷಗಳ ಗ್ರಾಹಕವಾರು ಮಾರಾಟ ಪಟ್ಟಿಯನ್ನು ತೆಗೆಸಿ ನೋಡಲಿ. ಮೂರು ವರ್ಷವೂ ಬಂದವರು ಎಷ್ಟು ಮಂದಿ, ಒಟ್ಟು ವಸೂಲಿನಲ್ಲಿ ಅವರ ಪಾಲೆಷ್ಟು, ದೂರುಗಳ ವಹಿಯಲ್ಲಿ ಅವರ ಹೆಸರು ಎಷ್ಟು ಬಾರಿ ಇದೆ ಎಂಬುದನ್ನು ಗುರುತಿಸಿಕೊಂಡು, ಅವರಲ್ಲಿ ಹತ್ತು ಮಂದಿಯ ಕಾರ್ಖಾನೆಗೋ ಅಂಗಡಿಗೋ ಮಾಲೀಕರು ಖುದ್ದಾಗಿ ಹೋಗಿ ಸರಕು ಬಳಕೆಯಾಗುತ್ತಿರುವುದನ್ನು ನೋಡಿ ಬರಲಿ. ಬೆಲೆಪಟ್ಟಿಯನ್ನು ತಿದ್ದುವ ಕೆಲಸ ಅನಂತರ.