ನಾಲೆ ಏರಿ ಮೇಲೆ ಕಾರಿಗೇನು ಕೆಲಸ?

ಹೋದ ತಿಂಗಳು ನಮ್ಮ ಆಫೀಸಿನ ವಾಟ್ಸಾಪ್ ಗುಂಪಿಗೆ ಒಂದು ಪ್ಲಾನ್ ಬಂತು. ಗ್ರೀಸ್ ದೇಶದ ಝಗೋರಿ ಅನ್ನೋ ಬೆಟ್ಟದ ಸೀಮೆಯಲ್ಲಿ ಒಂದು ವಾರ ಸೈಕಲ್ ಪ್ರವಾಸ. ಹಳೇ ಕಲ್ಲಿನ ಕಮಾನು ಸೇತುವೆಗಳು, ಕಲ್ಲು ಹಲಗೆ ಹೊದಿಸಿದ ಮನೆಗಳು, 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಜಾಗ. ವಿಮಾನ, ವೀಸಾ, ಬಾಡಿಗೆ ಸೈಕಲ್ಲು ಎಲ್ಲಾ ಸೇರಿ ತಲೆಗೆ ಎರಡೂವರೆ ಲಕ್ಷ. "ಕಾರೇ ಇಲ್ಲದ ರೋಡು ಮಗಾ, ಹಕ್ಕಿ ಸದ್ದು ಬಿಟ್ರೆ ಏನೂ ಕೇಳಲ್ವಂತೆ" ಅಂತ ಒಬ್ಬ ಬರೆದಿದ್ದ. ಹತ್ತು ಜನ ಹೆಬ್ಬೆಟ್ಟು ಎತ್ತಿದರು.

ನಾನು ಎತ್ತಲಿಲ್ಲ. ಅಂಥ ದಾರಿಯಲ್ಲೇ ಮೂರು ವರ್ಷ ಪುಗಸಟ್ಟೆ ಹೈಸ್ಕೂಲಿಗೆ ಹೋದವನು ನಾನು.

ನಮ್ಮೂರು ಪಿರಿಯಾಪಟ್ಟಣ ತಾಲ್ಲೂಕಿನದು. ಊರಿಂದ ಹೈಸ್ಕೂಲಿಗೆ ಹಾರಂಗಿ ನಾಲೆ ಏರಿ ಮೇಲೆ ಆರು ಕಿಲೋಮೀಟರ್. ಅಪ್ಪನ ಅಟ್ಲಾಸ್ ಸೈಕಲ್ಲಿನ ಸೀಟು ಎಟುಕದೆ ಮೊದಲ ವರ್ಷ ಪೂರ್ತಿ ಒಳಪೆಡಲಲ್ಲೇ ತುಳಿದೆ. ಒಂದು ಕಡೆ ನೀರು, ಇನ್ನೊಂದು ಕಡೆ ಇಳಿಜಾರು, ಅದರ ಕೆಳಗೆ ಗದ್ದೆ. ಎದುರಿಗೆ ಬರ್ತಿದ್ದಿದ್ದು ಡೈರಿಗೆ ಹಾಲು ಹಾಕೋಕೆ ಹೊರಟವರು, ಹುಲ್ಲಿನ ಹೊರೆ ಹೊತ್ತವರು, ಹೊಗೆಸೊಪ್ಪಿನ ಬ್ಯಾರನ್ನಿಗೆ ಸೌದೆ ತುಂಬಿದ ಎತ್ತಿನಗಾಡಿ. ತೂಬಿನ ನೀರಿನ ಸದ್ದು, ಸೈಕಲ್ ಬೆಲ್ಲು, ಅಷ್ಟೇ. ಅದಕ್ಕೆ ಪ್ರಶಾಂತತೆ ಅಂತ ಹೆಸರಿದೆ ಅನ್ನೋದೇ ನಮಗೆ ಗೊತ್ತಿರಲಿಲ್ಲ. ನಾವು ಅದನ್ನ ಶಾಲೆ ದಾರಿ ಅಂತಿದ್ವಿ.

ಈಗ ಒಂದು ತಪ್ಪೊಪ್ಪಿಗೆ. ಹಿಂದಿನ ವರ್ಷ ಡಿಸೆಂಬರಿನಲ್ಲಿ ಆಫೀಸಿನ ಎಂಟು ಜನರನ್ನ ನಾನೇ ಅಲ್ಲಿಗೆ ಕರಕೊಂಡು ಹೋಗಿದ್ದೆ. ಸೈಕಲ್ಲುಗಳು ಕಾರಿನ ಹಿಂದೆ ರ್‍ಯಾಕಿನಲ್ಲಿ ಬಂದವು. ನಾವು ತುಳಿಯುವಾಗ ಹಿಂದಿನಿಂದ ಒಂದು ದೊಡ್ಡ ಕಾರು. ನೀರಿನ ಬಾಟಲಿ, ಬಾಳೆಹಣ್ಣು, ಪಂಕ್ಚರ್ ಕಿಟ್ಟು, ಬದಲಿ ಚಕ್ರ ಎಲ್ಲಾ ಅದರಲ್ಲಿ. ಶನಿವಾರ, ಬೆಳಗಿನ ಕ್ಲಾಸು. ನಾಲೆ ಏರಿ ಮೇಲೆ ಹೈಸ್ಕೂಲ್ ಮಕ್ಕಳು ಸೈಕಲ್ಲಲ್ಲಿ ಎದುರು ಬಂದರು. ನಾವು ಪಕ್ಕದಲ್ಲಿ ಹಾದು ಹೋದ್ವಿ, ಮಕ್ಕಳು ಟಾಟಾ ಮಾಡಿದರು. ಎರಡು ಕಿಲೋಮೀಟರ್ ಹಿಂದೆ ಬರ್ತಿದ್ದ ನಮ್ಮ ಕಾರು ಅದೇ ಮಕ್ಕಳಿಗೆ ಹಾರನ್ ಹೊಡೀತು. ಕಾರಿಗೆ ದಾರಿ ಬಿಡೋಕೆ ಮಕ್ಕಳು ಗದ್ದೆ ಕಡೆಯ ಇಳಿಜಾರಿಗೆ ಇಳಿದರು. ಒಬ್ಬಳು ಜಾರಿ ಬಿದ್ದಳು. ಮಂಡಿ ತರಚಿತು, ಡಬ್ಬಿಯ ಅನ್ನ ಕೆಸರಿಗೆ ಹೋಯ್ತು. ನಮ್ಮ ಡ್ರೈವರ್ ಒಳ್ಳೆಯವನೇ, ಇಳಿದು ಎತ್ತಿ ಕೂರಿಸಿ ಚಾಕಲೇಟ್ ಕೊಟ್ಟನಂತೆ.

ಬಿದ್ದವಳು ನನ್ನ ಅಕ್ಕನ ಮಗಳು. ಅದು ಗೊತ್ತಾಗಿದ್ದು ಸಾಯಂಕಾಲ ಅಕ್ಕನ ಮನೆಗೆ ಹೋದಾಗ. ಅಕ್ಕ ಬೈಲಿಲ್ಲ. ಕಾಫಿ ಲೋಟ ಕೈಗಿಟ್ಟು ಹೇಳಿದ್ದು ಇಷ್ಟು: "ನಿಂಗೇನಪ್ಪ, ವರ್ಸಕ್ ಒಂದಿನ ಬತ್ತೀಯ, ತುಳೀತೀಯ, ವೋಯ್ತೀಯ. ಅವ್ಳು ದಿನಾ ವೋಗ್ಬೇಕಲ್ಲ."

ಅವತ್ತಿಂದ ಅವಳ ಸೈಕಲ್ಲು ಕೊಟ್ಟಿಗೆ ಗೋಡೆಗೆ ಒರಗಿದೆ. ನಮ್ಮ ಕಾರು ಒಂದೇ ಕಾರಣ ಅಲ್ಲ. ಮೊಬೈಲು ಮ್ಯಾಪಿನಲ್ಲಿ ಅಡ್ಡದಾರಿ ನೋಡಿಕೊಂಡು ಏರಿ ಮೇಲೆ ಬರೋ ಕಾರು ದಿನಾ ಇದಾವೆ, ನಮ್ಮದು ಕೊನೇ ಕಡ್ಡಿ. ಈಗ ಭಾವನೇ ಬೈಕಲ್ಲಿ ಬಿಡ್ತಾರೆ. ಡೈರಿಗೆ ಹಾಲು ಹಾಕೋದು ತಡವಾದ ದಿನ ಅವಳಿಗೆ ಮೊದಲ ಪೀರಿಯಡ್ ಇಲ್ಲ. ಹತ್ತನೇ ಕ್ಲಾಸು. ಮುಂದೆ ಪಿಯುಸಿಗೆ ದಿನಾ ಯಾರು ಬಿಡೋದು ಅನ್ನೋ ಮಾತು ಮನೆಯಲ್ಲಿ ಈಗಲೇ ಎದ್ದಿದೆ. ನಮ್ಮ ಕಡೆ ಆ ಮಾತು ಎಲ್ಲಿಗೆ ಮುಟ್ಟುತ್ತೆ ಅನ್ನೋದು ಹಳ್ಳಿಯಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಿಲ್ಲ.

2006–07ರಲ್ಲಿ ಸರ್ಕಾರ ಎಂಟನೇ ತರಗತಿಗೆ ಸೈಕಲ್ ಕೊಡೋ ಯೋಜನೆ ಶುರು ಮಾಡಿತು. ನಾನು ಅಷ್ಟೊತ್ತಿಗೆ ಎಂಟು ದಾಟಿದ್ದೆ, ನನ್ನ ತಂಗಿಗೆ ಸಿಕ್ತು. ಏರಿ ಮೇಲೆ ಹುಡುಗೀರ ಸೈಕಲ್ಲು ಸಾಲು ಹಿಡಿದು ಹೋಗೋದನ್ನ ನಮ್ಮೂರು ಮೊದಲು ಕಂಡಿದ್ದು ಆಗ. ಕೊರೋನಾ ಬಂದಾಗ ಆ ಯೋಜನೆ ನಿಂತಿತು. ಸೊಸೆಗೆ ಸೈಕಲ್ಲು ಕೊಡಿಸಿದ್ದು ಸೋದರಮಾವನಾದ ನಾನೇ. ಹೀಗೆ ಸೈಕಲ್ಲು ಕೊಡಿಸಿದ್ದೂ ನಾನೇ, ದಾರಿ ಕಿತ್ತುಕೊಂಡ ಕಾರು ತಂದಿದ್ದೂ ನಾನೇ. ಯೋಜನೆ ಮತ್ತೆ ಶುರುವಾಗಲಿ ಅಂತ ಕೇಳೋರು ಇದಾರೆ, ಕೇಳಲೇಬೇಕು. ಆದರೆ ತುಳಿಯೋಕೆ ದಾರಿ ಇಲ್ಲದೆ ಸೈಕಲ್ಲು ಕೊಟ್ಟರೆ ಅದೂ ಕೊಟ್ಟಿಗೆ ಸೇರುತ್ತೆ.

"ರಸ್ತೆ ಅಂದ್ಮೇಲೆ ಎಲ್ಲರದ್ದು, ಕಾರು ಬರಬೇಡ ಅನ್ನೋಕಾಗುತ್ತಾ?" ಅಂತ ಕೇಳ್ತೀರಿ. ಆಗುತ್ತೆ ಸ್ವಾಮಿ. ಯಾವ ದಾರಿಗೆ ಯಾರು ಬರಬಾರದು ಅಂತ ನಮ್ಮ ಸರ್ಕಾರಕ್ಕೆ ಚೆನ್ನಾಗಿ ಹೇಳೋಕೆ ಬರುತ್ತೆ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ ಬೈಕು, ಆಟೋ, ಟ್ರ್ಯಾಕ್ಟರು ಬರಂಗಿಲ್ಲ. ಯಾಕೆ? ವೇಗದ ಕಾರಿನ ನಡುವೆ ನಿಧಾನದವರು ಇದ್ದರೆ ಸಾಯ್ತಾರೆ ಅಂತ. ಎಚ್.ಡಿ. ಕೋಟೆಯಿಂದ ಮಾನಂದವಾಡಿಗೆ ಹೋಗೋ ನಾಗರಹೊಳೆ ಕಾಡಿನ ರಸ್ತೆಗೆ ಸಂಜೆ ಆರರಿಂದ ಬೆಳಗ್ಗೆ ಆರರವರೆಗೆ ಗೇಟು ಬೀಳುತ್ತೆ. ಯಾಕೆ? ಆನೆ, ಜಿಂಕೆ ದಾಟಬೇಕು ಅಂತ. ಭಾನುವಾರ ಕಬ್ಬನ್ ಪಾರ್ಕಿನೊಳಗೆ ಕಾರು ಬಿಡಲ್ಲ. ಯಾಕೆ? ನಾನೂ ನೀವೂ ವಾಕಿಂಗ್ ಮಾಡಬೇಕು ಅಂತ. ಮೂರೂ ಸರಿಯೇ. ಹಾಗಾದರೆ ಕಾರಿನ ವೇಗಕ್ಕೆ, ಕಾಡುಪ್ರಾಣಿಗೆ, ಬೆಂಗಳೂರಿನವರ ವಾಕಿಂಗಿಗೆ ಸಿಕ್ಕ ಬೋರ್ಡು ಹಳ್ಳಿ ಹುಡುಗಿಯ ಸೈಕಲ್ಲಿಗೆ ಯಾಕೆ ಸಿಗಬಾರದು?

ನಾನು ಕೇಳ್ತಿರೋದು ದೊಡ್ಡದಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ ನಾಲ್ಕೂ ತಾಲ್ಲೂಕಲ್ಲಿ ನಾಲೆಗಳಿವೆ. ಹಾರಂಗಿ ನಾಲೆ, ಹನಗೋಡು ನಾಲೆ, ಚಾಮರಾಜ ನಾಲೆ, ಕಬಿನಿ ನಾಲೆ. ಮಕ್ಕಳು ಶಾಲೆಗೆ ಹೋಗೋ ಏರಿಗಳನ್ನ ಗುರುತಿಸಿ. ಬೆಳಗ್ಗೆ ಎರಡು ಗಂಟೆ, ಸಾಯಂಕಾಲ ಎರಡು ಗಂಟೆ ಅಲ್ಲಿಗೆ ಕಾರು ಬಿಡಬೇಡಿ. ಆನೆಗೆ ದಿನಕ್ಕೆ ಹನ್ನೆರಡು ಗಂಟೆ ಕೊಟ್ಟಿದ್ದೀರಿ, ಮಕ್ಕಳಿಗೆ ನಾಲ್ಕು ಗಂಟೆ ಕೊಡಿ. ಎರಡು ಕಡೆ ಒಂದೊಂದು ಗೇಟು, ಬೀಗದ ಕೈ ನೀರುಗಂಟಿ ಹತ್ತಿರ. ಅಕ್ಕಪಕ್ಕದ ಜಮೀನಿನವರ ಗಾಡಿ, ಟ್ರ್ಯಾಕ್ಟರು ಬರಲಿ. ಆಂಬ್ಯುಲೆನ್ಸಿಗೆ ಯಾವಾಗ ಬೇಕಾದರೂ ಗೇಟು ತೆಗೀಲಿ. ರಿಸಾರ್ಟಿಗೆ ಹೋಗೋರು ಹತ್ತು ನಿಮಿಷ ಸುತ್ತಿಕೊಂಡು ಹೋದರೆ ಯಾರ ಗಂಟೂ ಹೋಗಲ್ಲ.

ಇನ್ನೊಂದು ಮಾತು. ನಾಲೆ ಏರಿ ಕಾರಿಗೂ ಒಳ್ಳೇದಲ್ಲ. 2018ರ ನವೆಂಬರ್ 24ರಂದು ಪಕ್ಕದ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಖಾಸಗಿ ಬಸ್ಸೊಂದು ವಿ.ಸಿ. ನಾಲೆಗೆ ಉರುಳಿ 30 ಜನ ಸತ್ತರು. ಅದರಲ್ಲಿ ಶಾಲೆ ಬಿಟ್ಟು ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಅಂಥದ್ದು ಆದಾಗೆಲ್ಲ ತಡೆಗೋಡೆ ಕಟ್ಟಿ ಅನ್ನೋ ಕೂಗು ಏಳುತ್ತೆ. ಕಟ್ಟಲಿ. ಆದರೆ ನೀರಾವರಿಯವರು ನಾಲೆ ನೋಡಿಕೊಳ್ಳೋಕೆ ಅಂತ ಮಾಡಿಕೊಂಡ ಏರಿಯನ್ನ ಹೆದ್ದಾರಿ ಥರ ಯಾಕೆ ಓಡಿಸ್ತಿದೀವಿ ಅಂತಲೂ ಯಾರಾದರೂ ಕೇಳಬೇಕಲ್ಲ?

"ಪ್ರವಾಸೋದ್ಯಮ ಬಿದ್ದುಹೋಗುತ್ತೆ" ಅನ್ನೋರಿಗೆ ಒಂದು ಲೆಕ್ಕ. ಬೆಂಗಳೂರಲ್ಲಿ ಹೊರಟ ಕಾರು ಕಬಿನಿ ರಿಸಾರ್ಟಿನ ಗೇಟಿನ ತನಕ ದಾರಿಯ ಹಳ್ಳಿಗಳಲ್ಲಿ ಬಿಟ್ಟು ಹೋಗೋದು ಧೂಳು ಮಾತ್ರ. ಸೈಕಲ್ಲಿನವನಿಗೆ ಹತ್ತು ಕಿಲೋಮೀಟರಿಗೊಂದು ಟೀ ಬೇಕು, ಮಧ್ಯಾಹ್ನ ಮುದ್ದೆ ಬೇಕು, ಪಂಕ್ಚರ್ ಹಾಕೋನು ಬೇಕು. ಅವನ ದುಡ್ಡು ದಾರಿಯುದ್ದಕ್ಕೂ ಉದುರುತ್ತೆ. ಏರಿ ಶಾಂತವಾಗಿದ್ದರೆ ಅವನೂ ಬರ್ತಾನೆ. ಆದರೆ ಏರಿಯ ಶಾಂತಿ ಅವನಿಗೋಸ್ಕರ ಇರೋದಲ್ಲ. ಮೊದಲು ಶಾಲೆ ಮಕ್ಕಳದ್ದು, ಹಾಲಿನವರದ್ದು, ಹುಲ್ಲಿನವರದ್ದು. ಮಿಕ್ಕಿದರೆ ನಮ್ಮದು.

ಝಗೋರಿ ಬಗ್ಗೆ ಆಮೇಲೆ ಒಂದಷ್ಟು ಓದಿದೆ. ಅದು ಅಷ್ಟು ಶಾಂತವಾಗಿರೋಕೆ ಬರೀ ಬೆಟ್ಟ ಕಾರಣ ಅಲ್ಲ. ಎರಡನೇ ಮಹಾಯುದ್ಧ, ಅದರ ಬೆನ್ನಿಗೇ ಅಂತರ್ಯುದ್ಧ, ಆಮೇಲೆ ದುಡಿಮೆ ಹುಡುಕಿಕೊಂಡು ಜನ ಅಥೆನ್ಸಿಗೆ, ಜರ್ಮನಿಗೆ ಹೊರಟುಹೋದರು. ಊರುಗಳು ಮುಕ್ಕಾಲು ಖಾಲಿಯಾದವು. ನನ್ನ ಗೆಳೆಯರು ಎರಡೂವರೆ ಲಕ್ಷ ಕೊಟ್ಟು ಕೇಳಿಸಿಕೊಳ್ಳೋ ನಿಶ್ಶಬ್ದದಲ್ಲಿ ಊರು ಬಿಟ್ಟವರ ಪಾಲೂ ಇದೆ. ನಮ್ಮ ಹಳ್ಳಿಗಳಿಂದಲೂ ನನ್ನಂಥವರು ಹೊರಟು ಬಂದಾಯ್ತು. ಇನ್ನು ಉಳಿದಿರೋ ಮಕ್ಕಳ ಸೈಕಲ್ಲೂ ಕೊಟ್ಟಿಗೆ ಸೇರಿದರೆ ನಮ್ಮಲ್ಲೂ ಅಂಥದೇ ನಿಶ್ಶಬ್ದ ಬರುತ್ತೆ. ನನಗೆ ಅದು ಬೇಡ. ಬೆಲ್ಲಿನ ಸದ್ದು, ಪುಟ್ಟ ಹುಡುಗೀರ ಕಚಪಚ ಇರೋ ಶಾಂತಿ ಸಾಕು.

ಗುಂಪಿಗೆ ನನ್ನ ಪ್ಲಾನ್ ಹಾಕಿದೀನಿ. ಕಾರು ಬೇಡ, ಹಿಂದೆ ಬರೋ ಕಾರಂತೂ ಬೇಡವೇ ಬೇಡ. ಸೈಕಲ್ಲನ್ನ ಲಗೇಜ್ ಅಂತ ಬುಕ್ ಮಾಡಿ ರೈಲಿಗೆ ಹಾಕೋದು, ಕೆ.ಆರ್. ನಗರದಲ್ಲಿ ಇಳಿಯೋದು. ಅಲ್ಲಿಂದ ಚುಂಚನಕಟ್ಟೆ, ಬೆಟ್ಟದಪುರ, ಪಿರಿಯಾಪಟ್ಟಣ, ಹನಗೋಡು, ಎಚ್.ಡಿ. ಕೋಟೆ. ಮೂರು ದಿನ. ಹನಗೋಡಿನಿಂದಾಚೆ ಕಾಡಂಚು, ಆನೆ ಓಡಾಡೋ ಜಾಗ, ಬಿಸಿಲು ಬಂದ ಮೇಲೆ ಹೊರಟು ಬಿಸಿಲಿರುವಾಗಲೇ ಮುಟ್ಟಬೇಕು. ನೀರಿನ ಬಾಟಲಿ ಅವರವರ ಸೈಕಲ್ಲಲ್ಲಿ. ಶಾಲೆ ಮಕ್ಕಳು ಎದುರು ಬಂದರೆ ಪಕ್ಕಕ್ಕೆ ಇಳಿದು ನಿಲ್ಲಬೇಕಾದವರು ನಾವು. ಇಲ್ಲಿವರೆಗೆ ಮೂರು ಜನ ಹೆಬ್ಬೆಟ್ಟು ಎತ್ತಿದಾರೆ.

ಪಂಚಾಯ್ತಿಗೆ, ಕಾವೇರಿ ನೀರಾವರಿ ನಿಗಮಕ್ಕೆ ಕೊಡೋಕೆ ಒಂದು ಅರ್ಜಿಯನ್ನೂ ಬರೆದಿದೀನಿ. ಮುಂದಿನ ಗ್ರಾಮಸಭೆಗೆ ರಜೆ ಹಾಕಿ ಹೋಗ್ತೀನಿ. ಭಾವ ಮೊದಲ ಸಹಿ ಹಾಕಿದಾರೆ. ಎರಡನೇದು ಸೊಸೆದು. ಅವಳಿಗಿನ್ನೂ ಹದಿನೆಂಟು ಆಗಿಲ್ಲ, ಸಹಿ ಲೆಕ್ಕಕ್ಕೆ ಬರಲ್ಲ ಅಂದೆ. "ತುಳಿಯೋಳು ನಾನು ತಾನೇ ಮಾವ" ಅಂತ ಹಾಕೇಬಿಟ್ಟಳು.