ಗೆದ್ದವರೂ ಸೋತ ಪಂದ್ಯ

ಕಿತ್ತೂರಿನ ಬಳಿಯ ದೇಗಾಂವದ ಕಮಲನಾರಾಯಣ ಗುಡಿಯ ಶಾಸನವನ್ನು ಕಲ್ಲಿಗೆ ಕೆತ್ತಿ ಎಂಟುನೂರು ವರ್ಷಗಳು ಮೀರಿದವು. ಲಿಪಿ ಬಲ್ಲವನು ಇಂದಿಗೂ ಅದನ್ನು ಓದಬಲ್ಲ. ಗಣಕಯಂತ್ರಕ್ಕೆ ಒಪ್ಪಿಸಿದ ಬರಹಕ್ಕೆ ಆ ಭಾಗ್ಯವುಂಟೆ?

ಫ್ಲಾಪಿಯೊಂದು 1.44 ಮೆಗಾಬೈಟ್ ಮಾತ್ರ ಹಿಡಿಯುತ್ತಿದ್ದ ಕಾಲವದು. 1995ರಲ್ಲಿ ಅಮೆರಿಕದ ಐಯೋಮೆಗಾ ಸಂಸ್ಥೆಯು 100 ಮೆಗಾಬೈಟಿನ ‘ಜಿಪ್’ ತಟ್ಟೆಯನ್ನು ಪೇಟೆಗಿಳಿಸಿತು. ಸೈಯದ್ ಇಫ್ತಿಕಾರ್ 1982ರಲ್ಲಿ ಸ್ಥಾಪಿಸಿದ್ದ ಸೈಕ್ವೆಸ್ಟ್ ಸಂಸ್ಥೆಯು ಅದೇ ವರ್ಷ 135 ಮೆಗಾಬೈಟಿನ ತಟ್ಟೆಯನ್ನು ತಂದು ತೊಡೆ ತಟ್ಟಿತು. ಬೆಲೆ ಇಳಿಸಿ ಇಳಿಸಿ ಕಾದಾಡಿದ ಸೈಕ್ವೆಸ್ಟ್ 1998ರಲ್ಲಿ ದಿವಾಳಿಯೆದ್ದಿತು. ಗೆದ್ದ ಐಯೋಮೆಗಾ ಮೀಸೆ ತಿರುವುವಷ್ಟರಲ್ಲಿ ಅಗ್ಗದ ಸಿ.ಡಿ.ಯೂ ಬೆರಳುದ್ದದ ಪೆನ್‌ಡ್ರೈವೂ ಬಂದು ಜಿಪ್ಪನ್ನು ಮೂಲೆಗೊತ್ತಿದವು.

ಇವರ ತಟ್ಟೆ ಅವರ ಯಂತ್ರದಲ್ಲಿ ಕೂಡುತ್ತಿರಲಿಲ್ಲ. ಆದುದರಿಂದ ಯಂತ್ರ ಮಾಯವಾದೊಡನೆ, ನಂಬಿ ಬರೆದಿಟ್ಟವನ ಬರಹವೂ ತಟ್ಟೆಯೊಳಗೇ ಸೆರೆಯಾಯಿತು. ವ್ಯಾಪಾರಿಗಳು ಕಳೆದುಕೊಂಡದ್ದು ಹಣ. ಗಿರಾಕಿ ಕಳೆದುಕೊಂಡದ್ದು ನೆನಪು.

ವಾಚಕರೇ, ಮಗಳ ಮದುವೆಯ ಚಿತ್ರಗಳನ್ನೂ ಅಜ್ಜನ ದನಿಯನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ನಿಶ್ಚಿಂತರಾಗಬೇಡಿ. ಜೀರ್ಣವಾದ ತಾಡವೋಲೆಯನ್ನು ಹೊಸ ಗರಿಗೆ ಪ್ರತಿಮಾಡುತ್ತಿದ್ದ ಹಿಂದಿನ ಲಿಪಿಕಾರನಂತೆ, ಯಂತ್ರ ಬದಲಾದಾಗಲೆಲ್ಲ ಹೊಸ ಪ್ರತಿಯೊಂದನ್ನು ತೆಗೆದಿಡಿ. ಕಲ್ಲಿಗೆ ಒಮ್ಮೆ ಕೆತ್ತಿದರೆ ಸಾಕಿತ್ತು. ನಮ್ಮ ಕಾಲದ ಬರಹಕ್ಕೆ ಆಗಾಗ ಮರುಜನ್ಮ ಬೇಕು.